ಚಕ್ರವರ್ತಿಯ ಕೊನೆಯ ಅಧ್ಯಾಯ

ಕೊನೆಯ ಅಧ್ಯಾಯವೊಂದೇ ಬಾಕಿ ಇತ್ತು, ಅಷ್ಟರಲ್ಲಿ ಪಕ್ಕದ ಮನೆಯ ಮುದುಕಿ ಲೋಲಾ ಇಸ್ಕಾ ಬಾಗಿಲು ಬಡಿದರು.

ಶಾಲೆಯ ಗುಮಾಸ್ತ ಪಾನ್ಯೋಗೆ ಬೇಸಗೆ ರಜೆಯೆಂದರೆ ಹಳೇ ಬನಿಯನ್, ಗೊರಗುಟ್ಟುವ ಫ್ಯಾನು ಮತ್ತು ಅಂತರಿಕ್ಷದ ಕಾದಂಬರಿ. ಈ ಸಲದ್ದು ಮೂರನೆಯ ಹಾಗೂ ಕೊನೆಯ ಭಾಗ. ಏಳು ನಕ್ಷತ್ರಗಳ ನೀರು ಕದ್ದ ಚಕ್ರವರ್ತಿಗೆ ಕಡೆಗೆ ಏನಾಯಿತೆಂದು ತಿಳಿಯಲು ಅವನು ಕಳೆದ ಬೇಸಗೆಯಿಂದ ಕಾದಿದ್ದ. ತನ್ನ ಮದುವೆಗೂ ಅಷ್ಟು ಕಾದಿರಲಿಲ್ಲ.

"ಏಳಪ್ಪಾ. ಕಪಿತಾನರ ಮನೆ ಪಾರಾಯಣಕ್ಕೆ ಗಂಟಲು ಸಾಲ್ತಿಲ್ಲ," ಅಂದರು ಲೋಲಾ. "ಶುಭ ಶುಕ್ರವಾರ ಯೇಸುಸ್ವಾಮಿ ಶಿಲುಬೆ ಹೊತ್ತ. ನಿನಗೊಂದು ಪುಸ್ತಕ ಹೊರೋಕಾಗಲ್ವಾ?"

"ಹೊತ್ತಿದೀನಲ್ಲ, ಲೋಲಾ."

"ಅದಲ್ಲ. ದೇವರದು."

ಊರಿನ ಮುಖ್ಯಸ್ಥ ಕಪಿತಾನ್ ತೂರ್ಬಿಯೋಗೆ ಚುನಾವಣೆ ಬಂದಾಗಲೆಲ್ಲ ಭಕ್ತಿ ಬೆವರುಸಾಲೆಯಂತೆ ಏಳುತ್ತಿತ್ತು. ಅಂಗಳದಲ್ಲಿ ಚಪ್ಪರ, ಚಪ್ಪರದೊಳಗೆ ಮೈಕು, ಬೀದಿಬೀದಿಗೂ ಧ್ವನಿವರ್ಧಕ. ಬೀದಿಯ ನಲ್ಲಿಗಳು ಮಾತ್ರ ತಿಂಗಳಿಂದ ಬರೀ ಕೆಮ್ಮುತ್ತಿದ್ದವು. ನೀರೆಲ್ಲ ಕಪಿತಾನನ ಹಿತ್ತಲಿನ ಈಜುಕೊಳಕ್ಕೆ ಹರಿದು, ಮನಿಲಾದಿಂದ ಬಂದ ಪ್ರವಾಸಿಗರ ಮೈ ತಂಪು ಮಾಡುತ್ತಿತ್ತು. ಇದು ಇಡೀ ಊರಿಗೆ ಗೊತ್ತು. ಆದರೆ ಕೇಳಬೇಕಾದ ಬಾಯಿಗಳಿಗೆಲ್ಲ ಆತ ಅಂಟಕ್ಕಿಯ ಸಿಹಿ ತುರುಕಿದ್ದ.

ಯೇಸುವಿನ ಪಾಡನ್ನು ಸರದಿಯಂತೆ ಅಳುವ ರಾಗದಲ್ಲಿ ಹಾಡುವ ಪಾರಾಯಣ ಅದು. ಪಾನ್ಯೋ ಪಾರಾಯಣದ ಪುಸ್ತಕದೊಳಗೆ ಕಾದಂಬರಿ ಅಡಗಿಸಿಕೊಂಡು ಕೂತ. ತನ್ನ ಸರದಿ ಬಂದರೆ ಹೊರಗಿನದು, ಎದುರು ಸಾಲಿನ ಮುದುಕಿಯರ ಸರದಿಯಲ್ಲಿ ಒಳಗಿನದು. ಮಧ್ಯಾಹ್ನದ ಸೆಕೆಗೆ ರೆಪ್ಪೆ ಅಂಟಿಕೊಂಡು, ಯಾವುದು ಒಳಗಿನದು ಯಾವುದು ಹೊರಗಿನದು ಎಂಬುದು ಕಲಸಿಹೋಯಿತು. ಮೈಕಿಗೆ ಬಾಯಿಟ್ಟು, ಅದೇ ಅಳುವ ರಾಗದಲ್ಲಿ ಎಳೆದ:

"ಏಳು ತಾರೆಗಳ ನೀರನೆಲ್ಲಾ ತನ್ನ ಕೊಳಕೆ ತಿರುಗಿಸಿಕೊಂಡನೋ..."

ಮುದುಕಿಯರು ಎಷ್ಟೋ ವರ್ಷದ ಅಭ್ಯಾಸದಿಂದ "ಕರುಣಿಸು ಪ್ರಭುವೇ" ಅಂತ ಸೇರಿಸಿದರು.

"ಬಾಯಾರಿದವರು ಕೇಳಿದರೆ ಕೊಳವೆ ಕೆಟ್ಟಿದೆ ಎಂದನೋ..."

ಬೀದಿಯಲ್ಲಿ ಖಾಲಿ ಬಕೆಟ್ಟು ಹಿಡಿದು ನಿಂತ ಸಾಲು ಗಕ್ಕನೆ ತಿರುಗಿತು.

"ಪವಿತ್ರ ಪುಸ್ತಕದಲ್ಲೇ ಬರೆದಿದೆ ಕಣೇ," ಅಂದಳೊಬ್ಬಳು.

"ನಮಗೆ ಯಾಕೆ ಇಷ್ಟು ವರ್ಷ ಈ ಅಧ್ಯಾಯ ಓದಿ ಹೇಳಲಿಲ್ಲ?" ಅಂದಳು ಇನ್ನೊಬ್ಬಳು. ಸಾಲು ಸೀದಾ ಚಪ್ಪರಕ್ಕೆ ನುಗ್ಗಿತು.

ಕಪಿತಾನ್ ಒಳಗಿಂದ ಓಡಿ ಬಂದು ಪುಸ್ತಕ ಕಸಿದ. "ಯಾರೋ ಬರೆಸಿದ್ದು ಇದನ್ನ? ವಿರೋಧಿಗಳಾ?"

"ಕಥೆ, ಕಪಿತಾನ್. ಬೇರೆ ಗ್ರಹದ್ದು."

"ಬೇರೆ ಗ್ರಹಕ್ಕೂ ನನ್ನ ಕೊಳದ ಸುದ್ದಿ ಮುಟ್ಟಿದೆಯಾ?"

ಮೈಕು ಅದನ್ನೂ ಬೀದಿಬೀದಿಗೆ ಹಂಚಿತು.

ಕಪಿತಾನ್ ಬೆಪ್ಪಾದ. ಕಾದಂಬರಿಯ ಕೊನೆಯ ಹಾಳೆಗಳನ್ನು ಪರಪರನೆ ಕಿತ್ತು ಜೇಬಿಗೆ ತುರುಕಿ, ಮೈಕಿಗೆ ನಕ್ಕ. "ಬಂಧುಗಳೇ, ಕಡೆಗೆ ಪ್ರಜೆಗಳು ಚಕ್ರವರ್ತಿಯನ್ನೇ ಮತ್ತೆ ಆರಿಸ್ತಾರೆ. ಮಂಗಳವಾಗಲಿ."

ಹೆಡ್‌ಮಾಸ್ಟರಿಗೂ ಎದುರುತ್ತರ ಕೊಡದ ಪಾನ್ಯೋ ಎದ್ದು ನಿಂತ. "ಸುಳ್ಳು. ನನ್ನದು ನನಗೆ ವಾಪಸ್ ಕೊಡಿ."

"ಕೊಡು, ನಮ್ಮದು ನಮಗೆ ವಾಪಸ್ ಕೊಡು," ಎಂದಿತು ಬಕೆಟ್ಟಿನ ಸಾಲು.

ಅವರು ಕೇಳಿದ್ದು ನೀರು, ಇವನು ಕೇಳಿದ್ದು ಹಾಳೆ. ಕಪಿತಾನನಿಗೆ ಎರಡನ್ನೂ ಕೊಡುವ ಮನಸ್ಸಿರಲಿಲ್ಲ. ಹಿಂದೆ ಹಿಂದೆ ಸರಿದ, ಮನೆ ದಾಟಿದ, ಹಿತ್ತಲು ದಾಟಿದ. ಆಮೇಲೆ ದಾಟಲು ನೆಲ ಇರಲಿಲ್ಲ. ದೊಪ್ಪನೆ ಕೊಳಕ್ಕೆ ಬಿದ್ದ.

"ಶುಭ ಶುಕ್ರವಾರ ಸ್ನಾನ ಮಾಡಬಾರದು ಅಂತ ಅಷ್ಟೂ ಗೊತ್ತಿಲ್ವಾ ಕಪಿತಾನ್?" ಲೋಲಾ ಇಸ್ಕಾ ಬಗ್ಗಿ ಬಕೆಟ್ಟು ತುಂಬಿಸಿಕೊಳ್ಳುತ್ತ ಕೇಳಿದರು.

ಊರೆಲ್ಲ ಮೊಗೆದದ್ದೇ ಮೊಗೆದದ್ದು. ಕೊಳದ ನೀರು ಮೊಣಕಾಲಿಗಿಳಿಯಿತು. "ಮುಂದಿನ ಕಪಿತಾನ್ ನಮ್ಮ ಪಾನ್ಯೋ," ಎಂದು ಯಾರೋ ಕೂಗಿದರು. ಪಾನ್ಯೋ ಕಿವಿಗೊಡದೆ ಕೊಳಕ್ಕಿಳಿದು, ಕಪಿತಾನನ ಜೇಬಿಗೆ ಕೈ ಹಾಕಿದ. ಹಾಳೆಗಳು ಅಂಬಲಿಯಾಗಿದ್ದವು. ಅಕ್ಷರವೆಲ್ಲ ಕರಗಿ ನೀಲಿ ಗಂಜಿಯಾಗಿ ಬೆರಳಿನಿಂದ ಸೋರಿತು. ಕಟ್ಟಕಡೆಯ ಹಾಳೆಯ ಬುಡದಲ್ಲಿ ಒಂದೇ ಸಾಲು ಉಳಿದಿತ್ತು.

"ಏನಂತಪ್ಪಾ? ಚಕ್ರವರ್ತಿ ಸತ್ತನಾ?" ಬಕೆಟ್ಟು ಹೊತ್ತ ಜನವೆಲ್ಲ ಕೊಳದಂಚಿಗೆ ಬಂದು ಕೇಳಿದರು.

ಪಾನ್ಯೋ ಹಾಳೆಯನ್ನು ಬಿಸಿಲಿಗೆ ಹಿಡಿದು, ಪಾರಾಯಣಕ್ಕಿಂತಲೂ ಅಳುವ ದನಿಯಲ್ಲಿ ಓದಿದ:

"ತಪ್ಪಿಸಿಕೊಂಡ ಚಕ್ರವರ್ತಿ ಮರಳಿ ಬರುತ್ತಾನೆ, ನಾಲ್ಕನೆಯ ಭಾಗದಲ್ಲಿ."