ಮಾಲಕರ ಅವ್ವ ಮತ್ತು ಫ್ರಾನ್ಸಿನ ಹಳೇ ಬಾಟಲಿ

ಪುಣೆ ಹತ್ತಿರದ ಭೋಸರಿಯ ಕಾರ್ಖಾನೆಯಲ್ಲಿ ಖರೀದಿ ವಿಭಾಗ ನೋಡಿಕೊಳ್ಳುವವನಿಗೆ ಗಾಬರಿ ಎನ್ನುವುದು ಸಂಬಳದ ಜೊತೆಗೇ ಬರುತ್ತದೆ. ಎದೆ ಧಸಕ್ಕೆನ್ನದೆ ಒಂದು ತಿಂಗಳು ಕಳೆದರೆ ನನಗೇ ಏನೋ ಎಡವಟ್ಟಾಗಿದೆ ಅನ್ನಿಸುತ್ತದೆ. ಆದರೆ ಕಬ್ಬಿಣದ ಮಾಲಿನಿಂದ ಆಗುವ ಗಾಬರಿಗಳನ್ನು ತಡೆದುಕೊಳ್ಳಬಹುದು. ಕಳೆದ ವರ್ಷ ಒಂದೇ ಒಂದು ಬಾಟಲಿಯಿಂದ ನನಗಾದ ಗಾಬರಿಗಳ ಮುಂದೆ ಅವು ಏನೂ ಅಲ್ಲ.

೧. ಜೋಳದ ಡಬ್ಬಿ

ನಮ್ಮ ಮಾಲಕರು ವಿಜಯಪುರದ ಕಡೆಯವರು, ನಾನೂ ಆ ಕಡೆಯವನೇ. ನಾವು ಮಾಡುವ ಪಂಪಿನ ಬಿಡಿಭಾಗಗಳು ಫ್ರಾನ್ಸಿನ ಒಂದು ಕಂಪನಿಗೆ ಹೋಗುತ್ತವೆ. ಆ ಆರ್ಡರ್ ನಿಂತರೆ ನಮ್ಮ ಅರ್ಧ ಮಷೀನುಗಳು ನಿಂತಂತೆಯೇ. ಆ ಕಂಪನಿಯ ಸಾಹೇಬರು ಹೋದ ಸಲ ಬಂದಾಗ ಮಾಲಕರ ಕೈಗೆ ಒಂದು ಕೆಂಪು ವೈನ್ ಬಾಟಲಿ ಕೊಟ್ಟರು. ಅದು ತಮ್ಮ ಮಗಳು ಹುಟ್ಟಿದ ವರ್ಷದ್ದು, ಮಗಳಿಗೆ ಮದುವೆಯೂ ಆಯಿತು, ವೈನ್ ಈಗ ಪಕ್ವಕ್ಕೆ ಬಂದಿದೆ ಎಂದರು. ಮುಂದಿನ ಸಲ ಕರಾರಿಗೆ ಸಹಿ ಹಾಕಲು ಬಂದಾಗ ಕೂಡಿ ಕುಡಿಯೋಣ, ಅಲ್ಲಿಯವರೆಗೆ ಕತ್ತಲಲ್ಲಿ, ತಂಪಿನಲ್ಲಿ, ಅಡ್ಡ ಮಲಗಿಸಿ ಇಡಿ ಎಂದು ಹೇಳಿ ವಿಮಾನ ಹತ್ತಿದರು.

ಮಾಲಕರ ಮನೆಯಲ್ಲಿ ಅದನ್ನು ಇಡುವ ಮಾತೇ ಇರಲಿಲ್ಲ. ಅವರ ಅವ್ವ ಕೊರಳಲ್ಲಿ ತುಳಸಿಮಾಲೆ ಹಾಕಿದವರು, ವರ್ಷಕ್ಕೊಮ್ಮೆ ಪಂಢರಪುರಕ್ಕೆ ನಡೆದು ಹೋಗುವವರು.

“ಅವ್ವಗ ಗೊತ್ತಾತಂದ್ರ ಪಂಢರಪುರಕ್ಕ ಹೋಗಿ ಕುಂದರ್ತಾಳ. ಮತ್ತ ಜನ್ಮದಾಗ ನನ್ನ ಮನಿ ಹೊಸ್ತಿಲ ತುಳಿಯಂಗಿಲ್ಲ,” ಅಂದರು ಮಾಲಕರು. ಹೇಳುವಾಗ ಅವರ ಕಣ್ಣಲ್ಲಿ ನಿಜವಾದ ಹೆದರಿಕೆ ಇತ್ತು.

ಹಾಗಾಗಿ ಬಾಟಲಿ ನನ್ನ ಮನೆಗೆ ಬಂತು. ಪುಣೆಯ ಬೇಸಿಗೆಯಲ್ಲಿ, ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಕತ್ತಲೂ ತಂಪೂ ಎರಡೂ ಇರುವ ಜಾಗ ಒಂದೇ, ಜೋಳ ತುಂಬಿಡುವ ದೊಡ್ಡ ಡಬ್ಬಿ. ಹೆಂಡತಿಗೆ ನಿಧಾನಕ್ಕೆ ಹೇಳಿದರಾಯಿತು ಎಂದುಕೊಂಡು ಜೋಳದೊಳಗೆ ಹೂತಿಟ್ಟೆ. ನಾನು ಹೇಳುವ ಮೊದಲೇ ಅವಳು ಗಿರಣಿಗೆ ಜೋಳ ತೆಗೆಯಲು ಕೈ ಹಾಕಿದಳು, ತಣ್ಣಗಿನ ಕುತ್ತಿಗೆಯೊಂದು ಕೈಗೆ ಸಿಕ್ಕಿತು. ಹಾವು ಎಂದು ಅವಳು ಕೂಗಿದ್ದು ಕೇಳಿ ಎದುರು ಮನೆಯವರು ಕೋಲು ಹಿಡಿದು ಬಂದರು.

ಅವರನ್ನು ಸಾಗಹಾಕಿ ವಿಷಯವನ್ನೆಲ್ಲ ಬಿಡಿಸಿ ಹೇಳಿದೆ. ಅವಳು ಬಾಟಲಿಯ ಮೇಲಿನ ಇಸವಿ ಓದಿ, ಇಷ್ಟು ಹಳೇ ಸಾಮಾನು ಕೊಟ್ಟು ಹೋಗಿದ್ದಾನಲ್ಲ, ನಮ್ಮನ್ನು ಏನೆಂದು ತಿಳಿದಿದ್ದಾನೆ ಎಂದು ಸಿಟ್ಟಾದಳು. ಹಳೆಯದಾದಷ್ಟೂ ರುಚಿ ಹೆಚ್ಚು ಎಂದು ನಾನು ತಿಳಿಸಿ ಹೇಳಿದೆ. ಅವಳು ಬಾಟಲಿಯನ್ನು ಮೊದಲಿನಂತೆಯೇ ಜೋಳದಲ್ಲಿ ಮಲಗಿಸಿ ಮುಚ್ಚಳ ಹಾಕಿದಳು.

“ಹಂಗಾರ ನಿನ್ನಿ ಸಾರಿಗೆ ಯಾಕ ಮುಖ ಕಿವುಚ್ತೀರಿ?”

೨. ಉಗುಳುವ ವಿದ್ಯೆ

ಕುಡಿಯುವ ರೀತಿ ಗೊತ್ತಿಲ್ಲದೆ ಸಾಹೇಬರ ಮುಂದೆ ಮರ್ಯಾದೆ ಹೋದೀತು ಎಂಬ ಚಿಂತೆ ಮಾಲಕರಿಗೆ ಹತ್ತಿತು. ಕೋರೆಗಾಂವ್ ಪಾರ್ಕಿನ ಹೋಟೆಲೊಂದರಲ್ಲಿ ವೈನ್ ರುಚಿ ನೋಡಲು ಕಲಿಸುತ್ತಾರೆಂದು ಗೊತ್ತಾಗಿ, ಒಂದು ಭಾನುವಾರ ನನ್ನನ್ನೂ ಎಳೆದುಕೊಂಡು ಹೋದರು.

ಕಲಿಸುವ ತರುಣಿ ಮೊದಲು ಬಣ್ಣ ನೋಡಿ ಅಂದಳು, ನೋಡಿದೆವು. ಗ್ಲಾಸು ತಿರುಗಿಸಿ ವಾಸನೆ ತೆಗೆದುಕೊಳ್ಳಿ ಅಂದಳು, ತೆಗೆದುಕೊಂಡೆವು. ಬಾಯಲ್ಲಿ ತುಂಬಿಕೊಂಡು ಎಲ್ಲ ಕಡೆ ಹೊರಳಿಸಿ ಅಂದಳು. ಆಮೇಲೆ ಮೇಜಿನ ಮೇಲಿನ ಹೊಳೆಯುವ ಬಕೆಟ್ಟಿಗೆ ಉಗುಳಿ ಅಂದಳು. ನಾನು ಬೆಚ್ಚಿಬಿದ್ದೆ. ಜೀವಮಾನವಿಡೀ ಊರಲ್ಲೆಲ್ಲ ಇಲ್ಲಿ ಉಗುಳಬೇಡಿ ಎಂಬ ಬೋರ್ಡು ಓದಿಕೊಂಡು ಬಂದವನಿಗೆ, ದುಡ್ಡು ಇಸಕೊಂಡು ಉಗುಳಿ ಎನ್ನುವವರು ಸಿಕ್ಕಿದ್ದು ಅದೇ ಮೊದಲು.

ಸುತ್ತಲಿದ್ದ ಐಟಿ ಕಂಪನಿಯ ಹುಡುಗ ಹುಡುಗಿಯರು ಪಾಪ, ಗದ್ದಕ್ಕೆ ಅಂಗಿಗೆ ಸುರಿಸಿಕೊಂಡು ಕಾಗದದಲ್ಲಿ ಒರೆಸಿಕೊಳ್ಳುತ್ತಿದ್ದರು. ನಾನು ಸಂಕೋಚಕ್ಕೆ ನುಂಗಿಬಿಟ್ಟೆ. ನಮ್ಮ ಮಾಲಕರು ಹಳೇ ತಂಬಾಕಿನ ಮನುಷ್ಯ. ಕುರ್ಚಿಯಿಂದ ಕದಲಲಿಲ್ಲ, ಕುತ್ತಿಗೆಯನ್ನೂ ಚಾಚಲಿಲ್ಲ. ತುಟಿ ಸ್ವಲ್ಪ ಒತ್ತಿ ಬಿಟ್ಟರು ನೋಡಿ, ವೈನ್ ಒಂದೇ ಗೆರೆಯಾಗಿ ಹೋಗಿ ಬಕೆಟ್ಟಿನ ನಡುಮಧ್ಯೆ ಬಿತ್ತು. ಅಂಚಿಗೆ ಒಂದು ಹನಿಯೂ ತಾಗಲಿಲ್ಲ. ತರುಣಿ ಪಾಠ ನಿಲ್ಲಿಸಿ, ಸರ್, ನೀವು ಎಷ್ಟು ವರ್ಷದಿಂದ ಅಭ್ಯಾಸ ಮಾಡುತ್ತಿದ್ದೀರಿ ಎಂದು ಭಕ್ತಿಯಿಂದ ಕೇಳಿದಳು.

ಮಾಲಕರು ಬಾಯಿ ಒರೆಸಿಕೊಂಡು ವಿನಯದಿಂದ, “ಕಾಲೇಜಿನಿಂದ,” ಅಂದರು.

೩. ಬೂಚು

ಸಾಹೇಬರು ಬಂದ ದಿನ ಕಾರ್ಖಾನೆಯ ಮೇಲಿನ ಕೇಬಿನ್ನಿನಲ್ಲಿ ಎಲ್ಲ ಸಿದ್ಧವಾಗಿತ್ತು. ಕರಾರು ಪತ್ರ ಮೇಜಿನ ಮೇಲಿತ್ತು, ಜೋಳದ ಡಬ್ಬಿಯಿಂದ ಬಂದ ಬಾಟಲಿ ಇತ್ತು, ಗ್ಲಾಸುಗಳಿದ್ದವು, ಒಂದು ಗಾಜಿನ ಜಗ್ಗೂ ಇತ್ತು. ಬೂಚು ತೆಗೆಯುವ ಸಾಧನ ಮಾತ್ರ ಇರಲಿಲ್ಲ. ಸಾಹೇಬರದ್ದನ್ನು ವಿಮಾನ ನಿಲ್ದಾಣದಲ್ಲಿ ಕಿತ್ತಿಟ್ಟುಕೊಂಡಿದ್ದರಂತೆ. ಎಲ್ಲರೂ ಖರೀದಿ ವಿಭಾಗದ ಕಡೆ ನೋಡಿದರು, ಅಂದರೆ ನನ್ನ ಕಡೆ. ನಟ್ಟಿನಿಂದ ಹಿಡಿದು ಕ್ರೇನಿನವರೆಗೆ ಎಲ್ಲ ತರಿಸಿದ್ದೆ, ಇದೊಂದು ನೆನಪಾಗಿರಲಿಲ್ಲ.

ಫೋರ್‌ಮನ್ ತಲೆ ಕೆಡಿಸಿಕೊಳ್ಳಲಿಲ್ಲ. ನಮ್ಮನ್ನೆಲ್ಲ ಹಿಂದೆ ಕರಕೊಂಡು ಬಾಟಲಿಯನ್ನು ಕೆಳಗೆ ಒಯ್ದು, ಬಟ್ಟೆ ಸುತ್ತಿ ವೈಸಿನ ಇಕ್ಕಳಕ್ಕೆ ಸಿಕ್ಕಿಸಿದ. ಬೂಚಿಗೊಂದು ಸ್ಕ್ರೂ ಏರಿಸಿ, ಬೇರಿಂಗ್ ಕೀಳುವ ಪುಲ್ಲರ್ ಹಾಕಿ ತಿರುಗಿಸತೊಡಗಿದ. ಸಾಹೇಬರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಮಾಲಕರು ವಿಠ್ಠಲ ವಿಠ್ಠಲ ಅನ್ನುತ್ತಿದ್ದರು. ಅಷ್ಟು ವರ್ಷದ ಬೂಚು ಒಂದು ಚೂರೂ ಉದುರದೆ, ಮೆಲ್ಲಗೆ ಪುಸ್ ಎಂದು ಇಡಿಯಾಗಿ ಹೊರಬಂತು.

ಸಾಹೇಬರು ಫೋರ್‌ಮನ್ನನ್ನು ತಬ್ಬಿಕೊಂಡರು. ಅವನು ಬಿಡಿಸಿಕೊಂಡು, ಅಭ್ಯಾಸಬಲದಿಂದ ಬೂಚನ್ನು ಅಳತೆ ಹಿಡಿದು ನೋಡಿ ನನಗೆ ಹೇಳಿದ, “ಸೈಜ್ ಸಿಕ್ತ್ರಿ. ಇದನ್ನೂ ನಾವ ಮಾಡಿ ಕೊಡ್ತೀವಿ ಅಂತ ಹೇಳ್ರಿ ಸಾಹೇಬರಿಗೆ.”

೪. ಅವ್ವ

ಮತ್ತೆ ಕೇಬಿನ್ನಿಗೆ ಬಂದ ಮೇಲೆ ಸಾಹೇಬರು ಮೊಬೈಲಿನ ಬೆಳಕು ಹಿಡಿದು, ಉಸಿರು ಬಿಗಿಹಿಡಿದು, ವೈನನ್ನು ಮೆಲ್ಲಗೆ ಜಗ್ಗಿಗೆ ಬಗ್ಗಿಸಿದರು. ತಳದ ಗಸಿ ಬಾಟಲಿಯಲ್ಲೇ ಉಳಿಯಬೇಕು, ಅದು ಸೇರಿದರೆ ವೈನ್ ಕೆಟ್ಟಂತೆ ಅಂದರು. ಮೂವರ ಗ್ಲಾಸಿಗೂ ಒಂದಿಷ್ಟು ಹಾಕಿದರು. ಅಂಚಿನಲ್ಲಿ ಇಟ್ಟಂಗಿಯ ಬಣ್ಣ. ನಾನು ಗುಟುಕರಿಸಿದೆ. ಸಿಹಿ ಇರಬಹುದು ಎಂದುಕೊಂಡಿದ್ದೆ, ಇರಲಿಲ್ಲ. ಹಳೇ ಕಟ್ಟಿಗೆ ಪೆಟ್ಟಿಗೆ ತೆರೆದ ವಾಸನೆ, ಒಣದ್ರಾಕ್ಷಿ, ಮೊದಲ ಮಳೆಯ ಮಣ್ಣು, ಕೊನೆಗೊಂದು ಸಣ್ಣ ಒಗರು. ನುಂಗಿದ ಮೇಲೂ ಅದು ಬಾಯಲ್ಲೇ ಉಳಿಯಿತು. ಸಾಹೇಬರಂತೂ ಕಣ್ಣು ಮುಚ್ಚಿ ಗ್ಲಾಸಿನಲ್ಲಿ ಮೂಗು ಇಟ್ಟವರು ತೆಗೆಯಲೇ ಇಲ್ಲ.

ಆಗ ಬಾಗಿಲು ತೆರೆದು ಅವ್ವ ಒಳಗೆ ಬಂದರು. ಆಳಂದಿಗೆ ದರ್ಶನಕ್ಕೆ ಹೋದವರು, ಕಾರ್ಖಾನೆ ದಾರಿಯಲ್ಲೇ ಇದೆಯಲ್ಲ ಎಂದು ಮಗನಿಗೆ ಪ್ರಸಾದದ ಪೇಢಾ ಕೊಡಲು ಬಂದಿದ್ದರು.

“ಏನೋ ಅದು ಕೆಂಪಂದು?”

ಮಾಲಕರು ತಮ್ಮ ಗ್ಲಾಸನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡರು. ಒಂದು ಕಡೆ ಸಹಿಯಾಗದ ಕರಾರು, ಇನ್ನೊಂದು ಕಡೆ ಹೆತ್ತ ತಾಯಿ. ನನ್ನ ನಾಲಿಗೆ ನನ್ನನ್ನು ಕೇಳದೇ ಹೇಳಿಬಿಟ್ಟಿತು, “ದ್ರಾಕ್ಷಾರಿಷ್ಟ ರೀ ಅವ್ವಾರ. ಔಷಧ.”

ಅವ್ವನ ಮುಖ ಅರಳಿತು. ಮೊಣಕಾಲು ನೋವಿಗೆ ಅವರು ದಿನಾ ಅರಿಷ್ಟ ತೆಗೆದುಕೊಳ್ಳುವವರೇ. ಬಾಟಲಿ ಎತ್ತಿ ನೋಡಿ ಮಗನನ್ನು ಬೈದರು, “ಗಸಿ ಬಿಟ್ಟೀರಲ್ಲೋ. ಔಷಧದ ಶಕ್ತಿ ಎಲ್ಲಾ ತಳದಾಗ ಇರ್ತದ.” ಜಗ್ಗಿನಲ್ಲಿದ್ದದ್ದನ್ನು ಬಾಟಲಿಗೆ ವಾಪಸು ಸುರಿದು, ಅದರ ಬಾಯಿಗೆ ಹೆಬ್ಬೆರಳು ಒತ್ತಿ, ಗಡಗಡ ಅಲ್ಲಾಡಿಸಿದರು. ಸಾಹೇಬರು ಕುರ್ಚಿಯಿಂದ ಎದ್ದರು. ಅವ್ವ ಒಂದು ಗ್ಲಾಸಿಗೆ ಬಗ್ಗಿಸಿಕೊಂಡು, ಪದ್ಧತಿಯಂತೆ ಅಷ್ಟೇ ನೀರು ಬೆರೆಸಿ ಗಟಗಟ ಕುಡಿದರು. ಸಾಹೇಬರು ಎದೆ ಹಿಡಿದು ಕುಳಿತರು. ಔಷಧ ಚಲೋ ಹಳೇದು ಅದ ಎಂದು ಅವ್ವ ಮೆಚ್ಚಿಕೊಂಡರು.

ದುಃಖ ತಡೆಯಲಾರದೆ ಸಾಹೇಬರು ಮತ್ತೆ ತಮ್ಮ ಗ್ಲಾಸಿನಲ್ಲಿ ಮೂಗು ತೂರಿಸಿದರು. ಅವ್ವ ಸ್ವಲ್ಪ ಹೊತ್ತು ನೋಡಿದರು.

“ಯಾಕ ಮೂಸಿಕೋತ ಕುಂತಾನ ಇಂವ, ಸಣ್ಣ ಹುಡುಗರಂಗ?” ಎಂದವರೇ ಆ ಗ್ಲಾಸಿಗೂ ನೀರು ಸುರಿದರು. ಎಡಗೈಯಿಂದ ಸಾಹೇಬರ ಮೂಗು ಹಿಡಿದು, ಬಲಗೈಯಿಂದ ಗ್ಲಾಸು ತುಟಿಗಿಟ್ಟು ಎತ್ತಿಯೇಬಿಟ್ಟರು. ಮಗಳು ಹುಟ್ಟಿದಾಗಿನಿಂದ ಕಾದ ವೈನನ್ನು ಸಾಹೇಬರು ಮೂಗು ಮುಚ್ಚಿಸಿಕೊಂಡು ಒಂದೇ ಗುಟುಕಿಗೆ ನುಂಗಿದರು. ಅವರು ಬಾಯಿ ತೆರೆಯುವಷ್ಟರಲ್ಲಿ ಅದರೊಳಗೊಂದು ಪೇಢಾ ಬಿತ್ತು.

ಸಾಹೇಬರು ಪೇಢಾ ಅಗಿಯುತ್ತ, ಕಣ್ಣಲ್ಲಿ ನೀರು ತುಂಬಿಕೊಂಡು, ಇವರು ಯಾರು ಎಂದು ನನ್ನನ್ನು ಕೇಳಿದರು. ನಾನು ಇದ್ದದ್ದನ್ನು ಇದ್ದಂತೆ ಇಂಗ್ಲಿಷಿನಲ್ಲಿ ಹೇಳಿದೆ. ಅದು ವೈನ್ ಎಂದು ತಿಳಿದರೆ ಮಾಲಕರಿಗೆ ಅವ್ವ ಇಲ್ಲದಂತಾಗುತ್ತದೆ ಎಂಬುದನ್ನೂ ಹೇಳಿದೆ. ಅವರು ಅವ್ವನನ್ನೂ, ಅವ್ವನ ಕೈಲಿದ್ದ ಬಾಟಲಿಯನ್ನೂ ನೋಡಿದರು. ಗಡಿಬಿಡಿಯಿಂದ ಪೆನ್ನು ತೆಗೆದು, ಎರಡನೇ ಡೋಸ್ ಬರುವ ಮೊದಲು ಕಾಗದ ಕೊಡಿ ಎಂದು ಸಹಿ ಹಾಕಿದರು.

ಭಜನಿ ಮಂಡಳಿಯ ಹೆಂಗಸರಿಗೆಲ್ಲ ಮೊಣಕಾಲು ನೋವಿದೆ ಎಂದು ಅವ್ವ ಉಳಿದ ಔಷಧದ ಸಮೇತ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದರು. ತಡೆಯುವ ಧೈರ್ಯ ಯಾರಿಗಿತ್ತು?

ಸಂಜೆ ಮಾಲಕರು ನನ್ನನ್ನು ಎದುರಿಗೆ ಕೂರಿಸಿಕೊಂಡು, ಸ್ಪೀಕರ್ ಹಾಕಿ ಮನೆಗೆ ಫೋನ್ ಮಾಡಿದರು. ಆ ಕಡೆ ತಾಳ ಒಂದು ದಿಕ್ಕಿಗೆ, ಭಜನೆ ಒಂದು ದಿಕ್ಕಿಗೆ, ನಡುನಡುವೆ ಹೆಂಗಸರ ನಗು. ಮಾಲಕರು ಕೇಳಿದರು, “ಅವ್ವಾ, ಮೊಣಕಾಲ ನೋವು ಹೆಂಗ ಅದ?”

“ನೋವು ಬಿಡೋ ಮಾರಾಯಾ,” ಅಂದರು ಅವ್ವ, “ಮೊಣಕಾಲು ಅದಾವೋ ಇಲ್ಲೋ ಅನ್ನೂದ ತಿಳಿವಲ್ದು, ನಮಗ ಯಾರಿಗೂ.”