ಅಂದಾಜು, ಆಧಾರ, ಅಪ್ಪ

ಆರನೇ ತರಗತಿಯ ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಸೋಮವಾರ ಸಾಹೇಬರು ತಪಾಸಣೆಗೆ ಬರುತ್ತಾರೆ. ಅಂದಾಜು, ಆಧಾರ, ಸಾರಾಂಶ, ಸಮರ್ಥನೆ ಮುಂತಾದ ಪಠ್ಯಪದಗಳ ಅರ್ಥವನ್ನು ಮಕ್ಕಳು ಹೇಳದಿದ್ದರೆ ಮೇಷ್ಟ್ರಿಗೆ ರಜೆಯೆಲ್ಲ ತರಬೇತಿ ಶಿಬಿರ. ಹೋದ ಸಲದ ಶಿಬಿರದಲ್ಲಿ (ಮೊಣಕಾಲು ಗದ್ದಕ್ಕೆ ತಾಗುವಂಥ ಪುಟ್ಟ ಬೆಂಚಿನ ಮೇಲೆ ಕೂತು) ಚಪ್ಪಾಳೆ ತಟ್ಟಿ ಮಗ್ಗಿ ಹಾಡಿದ್ದು ನೆನೆದರೆ ಅವರಿಗೆ ಈಗಲೂ ಅಳು ಬರುತ್ತದೆ. ಬೋರ್ಡಿನ ಮೇಲೆ ಬರೆದು, ಬಾಯಿಪಾಠ ಮಾಡಿಸಿ ಗಂಟಲು ಕಟ್ಟಿತೇ ಹೊರತು ಒಂದು ಪದವೂ ಮಕ್ಕಳ ತಲೆಗೆ ಹತ್ತಲಿಲ್ಲ. ಅದೇ ತರಗತಿಯಲ್ಲಿ ಕೂರುವ ಸ್ವಂತ ಮಗಳೇ "ಸಾರಾಂಶ ಅಂದ್ರೆ ಕೊನೇ ಪುಟ" ಅಂದುಬಿಟ್ಟಿದ್ದಳು.

ಆಗ ಹೊಳೆಯಿತು ಉಪಾಯ. "ಇವತ್ತಿಂದ ಈ ಮನೇಲಿ ಯಾರೇ ಮಾತಾಡಿದ್ರೂ ಒಂದು ಪಠ್ಯಪದ ಬಳಸಲೇಬೇಕು!" ಎಂದು ಮೇಷ್ಟ್ರು ರಾಜಾಜ್ಞೆ ಹೊರಡಿಸಿದರು.

ಹೆಂಡತಿ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟಳು. "ಆಗ್ಲಿ. ನಲ್ಲಿ ರಿಪೇರಿ ಮಾಡಿಸ್ತೀನಿ ಅಂದವರು ಯಾಕ್ರೀ ಮಾಡಿಸ್ಲಿಲ್ಲ? ಎರಡು ಕಾರಣ ಕೊಟ್ಟು ಸಮರ್ಥಿಸಿ."

"ಅದು... ಪ್ಲಂಬರ್ ಸಿಗ್ಲಿಲ್ಲ ಕಣೇ."

"ಇದು ನೆಪ. ನಾನು ಕೇಳಿದ್ದು ಕಾರಣ. ಸೊನ್ನೆ! ನಿಮ್ಮಕ್ಕ ಅಷ್ಟು ಹೊತ್ತು ಫೋನಲ್ಲಿ ಏನಂದ್ರು? ಸಾರಾಂಶ ಹೇಳಿ."

ಅಕ್ಕ ಆಡಿದ್ದೆಲ್ಲ ಹೆಂಡತಿಯ ಬಗ್ಗೆಯೇ ಆದ್ದರಿಂದ ಮೇಷ್ಟ್ರು ಬೆವರಿದರು. ಪಕ್ಕದಲ್ಲಿ ಮಗಳು ಕಿವಿ ನಿಮಿರಿಸಿಕೊಂಡು ಕೂತಿದ್ದಳು. ಭಾನುವಾರದ ಹೊತ್ತಿಗೆ ತಾವಂತೂ ಮನೆಯಲ್ಲೇ ಫೇಲಾದದ್ದು ಮೇಷ್ಟ್ರಿಗೆ ಖಾತ್ರಿಯಾಗಿತ್ತು. ಮಗಳು ಏನಾದರೂ ಕಲಿತಳೆಂಬ ಭರವಸೆ ಚೂರೂ ಇರಲಿಲ್ಲ.

ಸೋಮವಾರ ಸಾಹೇಬರು ಬಂದವರೇ ಕೇಳಿದರು, "ಅಂದಾಜು ಅಂದ್ರೇನು?"

ಮಕ್ಕಳೆಲ್ಲ ಪುಸ್ತಕದಲ್ಲಿ ಮುಖ ಹುದುಗಿಸಿದರು. ಅಷ್ಟರಲ್ಲಿ ಮಗಳು ಎದ್ದು ನಿಂತಳು.

"ಎಣಿಸದೇನೇ ಹತ್ತಿರದ ಉತ್ತರ ಹೇಳೋದು ಸರ್. ಅಪ್ಪ ಐದು ನಿಮಿಷದಲ್ಲಿ ಬರ್ತೀನಿ ಅಂತ ಹೊರಗೆ ಹೋದ್ರೆ, ಅಮ್ಮ ಎರಡು ಗಂಟೆ ಅಂತ ಅಂದಾಜು ಮಾಡ್ತಾರೆ."

"ಭೇಷ್! ಆಧಾರ ಅಂದ್ರೆ?"

"ಬಿಸ್ಕತ್ತಿನ ಡಬ್ಬ ಖಾಲಿ ಸರ್. ಅಪ್ಪ ನಾನು ತಿಂದಿಲ್ಲ ಅಂತಾರೆ. ಆದ್ರೆ ಮೀಸೇಲಿ ಪುಡಿ ಇರುತ್ತೆ. ಅದು ಆಧಾರ."

ಅಷ್ಟೇ ಸಾಕಾಯಿತು. ಮನೆಯ ಉದಾಹರಣೆ ಸಿಕ್ಕಿದ್ದೇ ಬಾಯಿಪಾಠದ ಪದಗಳಿಗೆಲ್ಲ ಅರ್ಥ ಬಂತು. ಮಕ್ಕಳೆಲ್ಲ ನಾ ಮುಂದು ತಾ ಮುಂದು ಎಂದು ಎದ್ದು, ಒಂದು ಪದವೂ ತಪ್ಪದಂತೆ ತಮ್ಮ ತಮ್ಮ ಅಪ್ಪಂದಿರ ಮಾನ ಹರಾಜು ಹಾಕಿದರು. ಸಾಹೇಬರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅದ್ಭುತ ಮೇಷ್ಟ್ರೇ! ಯಾರದ್ದು ಈ ವಿಧಾನ?"

"ಅಮ್ಮಂದು," ಅಂದಳು ಮಗಳು, ಮೇಷ್ಟ್ರು ಬಾಯಿ ತೆರೆಯುವ ಮೊದಲೇ.

ರಜೆಯಲ್ಲಿ ಶಿಬಿರ ನಡೆಯಿತು. ಮೇಷ್ಟ್ರುಗಳಿಗೆಲ್ಲ ಪಾಠ ಮಾಡಲು ಸಾಹೇಬರು ಕರೆಸಿಕೊಂಡದ್ದು ಮೇಷ್ಟ್ರ ಹೆಂಡತಿಯನ್ನು. ನಮ್ಮ ಮೇಷ್ಟ್ರೂ ದಿನಾ ಹೋಗಲೇಬೇಕಾಯಿತು, ಪಾಠೋಪಕರಣವಾಗಿ.