ಕಾರಂಜಿ ಎದುರು ಹುಡುಗಿ ತೋರಿಸಿದ್ದು

ಯೋಜನೆ ಎಂಬ ಮೂರಕ್ಷರ ನನ್ನ ರಕ್ತದಲ್ಲೇ ಇದೆ. ನಾಸಿಕದ ಹತ್ತಿರ ಓಝರ್ ಕಡೆಯ ಒಂದು ಕಾರ್ಖಾನೆಯ ಪ್ಲ್ಯಾನಿಂಗ್ ವಿಭಾಗದಲ್ಲಿ ಜೀವ ತೇಯ್ದವನು ನಾನು. ಯಾವ ಬಿಡಿಭಾಗ ಯಾವ ದಿನ ಯಾವ ಮೇಜಿಗೆ ಬರಬೇಕು ಎಂದು ನಿಶ್ಚಯಿಸುವುದೇ ನನ್ನ ಕೆಲಸವಾಗಿತ್ತು. ಅವು ಆ ದಿನ ಬರುತ್ತಿರಲಿಲ್ಲ, ಆ ಮಾತು ಬೇರೆ! ಆದರೆ ಯಾಕೆ ಬರಲಿಲ್ಲ ಎಂದು ವಿವರಿಸುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಕಾರ್ಖಾನೆಯಲ್ಲಿ ಇರಲಿಲ್ಲ. ಇಂಥವನು ಸ್ವಂತ ಮಗಳನ್ನು ವರನ ಕಡೆಯವರಿಗೆ ತೋರಿಸುವ ಕಾರ್ಯಕ್ರಮವನ್ನು ಬೇರೆಯವರ ಕೈಗೆ ಬಿಡುವುದುಂಟೇ?

ಮಗಳು ಮೇಘನಾ ಹುಟ್ಟಿ ಬೆಳೆದದ್ದು ನಾಸಿಕದಲ್ಲಿ. ನಮ್ಮ ಧಾರವಾಡ ಕನ್ನಡ ಅವಳಿಗೆ ಪೂರ್ತಿ ತಿಳಿಯುತ್ತದೆ. ಬಾಯಿ ತೆರೆದರೆ ಮಾತ್ರ ಅರ್ಧ ಮರಾಠಿ, ಕಾಲು ಹಿಂದಿ, ಉಳಿದ ಕಾಲು ಭಾಗಕ್ಕಾಗಿ ಕನ್ನಡವೂ ಇಂಗ್ಲಿಷೂ ಜಗಳಾಡುತ್ತವೆ. ಹಿಂದೆ ಒಮ್ಮೆ ಹುಬ್ಬಳ್ಳಿಯಿಂದ ಅವಳನ್ನು ನೋಡಲು ಬಂದವರಿಗೆ, "ಕಾಕೂ, ಚಹಾ ಥಂಡ ಆಗೇದ, ಗರಮ್ ಮಾಡಿ ಆಣತೀನಿ" ಎಂದುಬಿಟ್ಟಳು. ಬಂದ ಹಿರಿಯರು ಎದ್ದು ಹೋಗುವಾಗ, "ಹುಡುಗಿ ಲಕ್ಷಣ ಇದ್ದಾಳ್ರಿ. ಆದ್ರ ನಮ್ಮ ಮನ್ಯಾಗ ದುಭಾಷಿ ಇಲ್ಲಲ್ರಿ" ಎಂದರು. ಮತ್ತೆ ಅವರ ಸುದ್ದಿಯಿಲ್ಲ. ಮೇಘನಾ ಆಗ ನಕ್ಕಳು, ಆದರೆ ಅವತ್ತು ಊಟ ಮಾಡಲಿಲ್ಲ. ಅವಳು ತಟ್ಟೆ ಸರಿಸಿ ಎದ್ದುಹೋದದ್ದು ನೆನಪಾದರೆ ನನಗೆ ಈಗಲೂ ಸಂಕಟವಾಗುತ್ತದೆ.

ಅದಾದ ಮೇಲೆ ಯಾವ ಫೋಟೋ ತೋರಿಸಿದರೂ "ನಕೋ" ಎನ್ನುತ್ತಿದ್ದವಳು, ನನ್ನ ತಂಗಿ ತಂದ ಒಂದು ಸಂಬಂಧಕ್ಕೆ ಮಾತ್ರ "ಬರಾ ಆಹೇ" ಎಂದಳು. ಪರವಾಗಿಲ್ಲ ಎಂದು ಅರ್ಥ. ಮೇಘನಾ ಬಾಯಲ್ಲಿ "ಪರವಾಗಿಲ್ಲ" ಬಂತೆಂದರೆ, ಬೇರೆ ಹುಡುಗಿಯರು ಹಾರ ಹಿಡಿದು ನಿಂತಂತೆ! ಹುಡುಗ ಸುಹಾಸ. ಅವನ ತಂದೆ ಶ್ರೀಧರ ರಾಯರು ಕರಾವಳಿಯವರು, ನಾಸಿಕದಿಂದ ನಾಲ್ಕು ತಾಸು ದೂರದ ಸಂಭಾಜಿನಗರದಲ್ಲಿ ಶಾಕಾಹಾರಿ ಹೋಟೆಲ್ ನಡೆಸುತ್ತಾರೆ. ಈ ಸಂಬಂಧ ಕೈತಪ್ಪಬಾರದು ಎಂದು ನಾನು ಶಪಥ ಮಾಡಿ, ಯೋಜನೆಗೆ ಕೂತೆ.

ಸಂಭಾಜಿನಗರದ ಹೊರಗೆ ಒಂದು ಹಳೇ ಅರಮನೆ ಇದೆ. ಅದರ ಉದ್ಯಾನದಲ್ಲಿ ರವಿವಾರ ಸಂಜೆ ಬಣ್ಣದ ಬೆಳಕು, ಸಂಗೀತದೊಂದಿಗೆ ಕಾರಂಜಿ ಕುಣಿಯುತ್ತದೆ. ಅಲ್ಲಿ ಎರಡೂ ಮನೆಯವರು ಭೇಟಿಯಾಗುವುದು! ಹೆಂಡತಿ ಸುಮಿತ್ರಾ ಹುಬ್ಬು ಗಂಟಿಕ್ಕಿದಳು.

"ಪದ್ಧತಿ ಪ್ರಕಾರ ಅವರು ನಮ್ಮ ಮನೀಗೆ ಬರಬೇಕ್ರಿ. ಹೆಣ್ಣು ಕರ್ಕೊಂಡು ನಾವ ಅವರೂರಿಗೆ ಹೋಗೋದೇನ್ರಿ?"

"ಅರಮನಿ ಅವರದೂ ಅಲ್ಲ, ನಮ್ಮದೂ ಅಲ್ಲ, ರಾಜರದು. ಇಬ್ಬರಿಗೂ ಸಮ!"

ನಿಜವಾದ ಕಾರಣ ಬೇರೆ ಇತ್ತು. ಕಾರಂಜಿಯ ಸಂಗೀತ ಬಹಳ ಜೋರು ಎಂದು ಕೇಳಿದ್ದೆ. ಆ ಸದ್ದಿನಲ್ಲಿ ಮೇಘನಾ ಏನು ಹೇಳಿದರೂ ಅವರಿಗೆ ಕೇಳುವುದಿಲ್ಲ. ಚಂದದ ಮುಖ ಕಾಣುತ್ತದೆ, ಚಿತ್ರವಿಚಿತ್ರ ಕನ್ನಡ ಮುಚ್ಚಿಹೋಗುತ್ತದೆ. ಗುಲಾಬಿ ಬೆಳಕು ಯಾವ ಕುರ್ಚಿಯ ಮೇಲೆ ಬೀಳುತ್ತದೆ ಎಂಬುದನ್ನು ಕೂಡ ಮೊಬೈಲಿನಲ್ಲಿ ವಿಡಿಯೋ ನೋಡಿ ಪತ್ತೆಹಚ್ಚಿದ್ದೆ. ಮಗಳಿಗೆ ಅದೇ ಕುರ್ಚಿ!

ರಾಯರಿಗೆ ಫೋನ್ ಮಾಡಿದೆ.

"ರಾಯರ, ರವಿವಾರ ಕಾರಂಜಿಗೆ ಬರ್ರಿ. ಸಂಜೀ ಆರಕ್ಕ."

"ರವಿವಾರ ಕಾರಂಜಾ? ಗೊತ್ತುಂಟು ಮಾರಾಯ್ರೇ, ನಾನು ಎಷ್ಟೋ ಸಲ ಹೋಗಿದ್ದೇನೆ. ಆದ್ರೆ ಅಲ್ಲಿ ಭಾರೀ ರಶ್ ಅಲ್ವಾ?"

"ರಶ್ ಇರ್ತದ್ರಿ. ಅದರ ಮಜಾನ ಬ್ಯಾರೆ!"

"ಹುಡುಗಿ ನೋಡ್ಲಿಕ್ಕೆ ಅಲ್ಲಿ ಯಾಕೆ? ಸೀದಾ ಮನೆಗೇ ಬಂದ್ರೆ ಆಗುದಿಲ್ವಾ?"

"ಮನ್ಯಾಗ ಎಲ್ಲಾರೂ ತೋರಸ್ತಾರ್ರಿ. ನಾವು ಸ್ವಲ್ಪ ಮಾಡರ್ನ್!"

"ಹಾಗಾದ್ರೆ ಆಯ್ತು. ಆದಿತ್ಯವಾರವೇ ಅಲ್ವಾ?"

"ಹೌದ್ರಿ, ನಿಮ್ಮ ಕಡೆ ಹಂಗ ಅಂತೀರಿ!" ಎಂದು ನಕ್ಕು ಫೋನ್ ಇಟ್ಟೆ.

"ಅರಮನಿ ಹೆಸರು ಹೇಳಿದ್ರೇನು?" ಎಂದು ಸುಮಿತ್ರಾ ಕೇಳಿದಳು.

"ಆ ಊರಾಗ ಇರೋರಿಗೆ ಆ ಊರ ಅರಮನಿ ಹೆಸರು ನಾ ಹೇಳಬೇಕೇನು? ಎಷ್ಟೋ ಸಲ ಹೋಗ್ಯಾರಂತ!"

ಅವಳು ಅಡುಗೆಮನೆಗೆ ಎದ್ದುಹೋದಳು. ನಾನು ಗೆದ್ದೆ ಎಂದುಕೊಂಡೆ.

ರವಿವಾರ ಬೆಳಿಗ್ಗೆಯೇ ಬಾಡಿಗೆ ಗಾಡಿ ಬಂತು. ಸುಮಿತ್ರಾ ಶೇಂಗಾ ಉಂಡಿಯ ಡಬ್ಬಿ ಹಿಡಿದು ಕೂತಳು. ನಿಫಾಡ, ಯೇವಲಾ, ವೈಜಾಪುರ ದಾಟಿದೆವು. "ವೇರೂಳಿಗೆ ಹೋಗಿ ಘೃಷ್ಣೇಶ್ವರಗ ಕೈ ಮುಗದು ಬರೋಣ್ರಿ" ಎಂದಳು ಅವಳು. "ಮೊದಲು ಕಾರಂಜಿ, ಆಮ್ಯಾಲೆ ದೇವರು" ಎಂದೆ. ಈ ಮಾತಿಗೆ ದೇವರು ಏನೆಂದುಕೊಂಡನೋ ಕಾಣೆ, ಸುಮಿತ್ರಾ ಮಾತ್ರ ಗಲ್ಲಕ್ಕೆ ಹೊಡೆದುಕೊಂಡು ನನ್ನ ಪರವಾಗಿ ಕ್ಷಮೆ ಕೇಳಿದಳು.

ಅರಮನೆಯ ಗೇಟು ತೆರೆಯುವ ಮೊದಲೇ ನಾವು ಅಲ್ಲಿದ್ದೆವು. ಒಳಗೆ ಹೋದವನೇ ಕಾರಂಜಿಯ ಎದುರಿನ ಸಾಲು ಹಿಡಿದೆ. ಗುಲಾಬಿ ಬೆಳಕಿನ ಕುರ್ಚಿಯಲ್ಲಿ ಮಗಳನ್ನು ಕೂಡಿಸಿದೆ. ವರನ ಕಡೆಯವರ ಕುರ್ಚಿಗಳ ಮೇಲೆ ನನ್ನ ಕರವಸ್ತ್ರ, ಸುಮಿತ್ರಾಳ ಶಾಲು ಮತ್ತು ಒಂದು ಛತ್ರಿ ಇಟ್ಟೆ. ಹೊತ್ತು ಇಳಿಯಿತು, ಜನ ತುಂಬಿದರು. "ಈ ಛತ್ರಿ ಟಿಕೆಟ್ ತಗೊಂಡಿದೆಯೇ?" ಎಂದು ಒಬ್ಬರು ಮರಾಠಿಯಲ್ಲಿ ಕೇಳಿದರು. ನಾನು ಗಂಭೀರವಾಗಿ ಆಕಾಶ ನೋಡಿದೆ.

ಅಷ್ಟರಲ್ಲಿ ಬಂದರು ನೋಡಿ! ಎತ್ತರದ ಹುಡುಗ, ರೇಷ್ಮೆ ಸೀರೆಯ ತಾಯಿ, ಕನ್ನಡಕದ ತಂದೆ. ಫೋಟೋದಲ್ಲಿದ್ದ ಹುಡುಗ ಇವನೇ ಎಂದು ಮನಸ್ಸು ಹೇಳಿತು. ಕನ್ನಡಕ ಹಾಕಿಕೊಂಡು ನೋಡು ಎಂದು ಮನಸ್ಸು ಹೇಳಲಿಲ್ಲ. ಓಡಿಹೋಗಿ ಕೈ ಹಿಡಿದೆ.

"ಬರ್ರಿ ಬರ್ರಿ! ನಿಮ್ಮ ದಾರೀನ ನೋಡಾಕತ್ತಿದ್ವಿ. ಕೂಡ್ರಿ. ಏ ಸುಮಿತ್ರಾ, ಉಂಡಿ ಕೊಡು!"

ಅವರೂ ಸಂತೋಷದಿಂದ ಕೂತರು. ಎದುರಿನ ಸಾಲಿನ ಕುರ್ಚಿ ಸಿಕ್ಕರೆ ಯಾರು ಬೇಡ ಎನ್ನುತ್ತಾರೆ? ಉಂಡಿಯನ್ನೂ ತಿಂದರು. ತಾಯಿ ಎರಡನೆಯದನ್ನೂ ತೆಗೆದುಕೊಂಡಳು. ಸಂಬಂಧ ಕುದುರಿತು ಎಂದು ನಾನು ಹಿಗ್ಗಿದೆ. ಮೂರನೆಯ ಉಂಡಿಗೆ ಕೈ ಹಾಕುತ್ತಾ ಆಕೆ "ತುಮ್ಹೀ ಕೋಣ?" ಎಂದಳು. ನೀವು ಯಾರು ಎಂದು! ಅವರು ಜಾಲ್ನಾದವರಂತೆ. ಅಷ್ಟರಲ್ಲಿ ಹುಡುಗನ ಹೆಂಡತಿ ಮಗುವನ್ನೆತ್ತಿಕೊಂಡು ಬಂದಳು. ಸುಮಿತ್ರಾ ಡಬ್ಬಿಯ ಮುಚ್ಚಳ ಹಾಕಿದಳು. ಆ ಶಬ್ದ ಆಮೇಲೆ ಶುರುವಾದ ಕಾರಂಜಿಯ ಸಂಗೀತಕ್ಕಿಂತ ಜೋರಾಗಿತ್ತು. ಮೇಘನಾ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

ಕಾರಂಜಿ ಸರಿಯಾದ ಹೊತ್ತಿಗೆ ಶುರುವಾಯಿತು. ಗುಲಾಬಿ ಬೆಳಕು ಸರಿಯಾದ ಕುರ್ಚಿಯ ಮೇಲೆ ಬಿತ್ತು. ಮಗಳು ಬಹಳ ಚಂದ ಕಂಡಳು. ನೋಡಬೇಕಾದವರು ಮಾತ್ರ ಇರಲಿಲ್ಲ! ಮೊದಲ ಹಾಡು ಮುಗಿದು ಸದ್ದು ನಿಂತಾಗ ಫೋನು ಬಂತು. ರಾಯರು.

"ಎಲ್ಲಿದ್ದೀರಿ ಮಾರಾಯ್ರೇ? ನಾವು ಬಂದು ಆಗಲೇ ಎಷ್ಟು ಹೊತ್ತಾಯ್ತು!"

"ನಾವು ಕಾರಂಜಿ ಎದುರಿಗೇ ಇದ್ದೀವ್ರಿ!"

"ನಾವೂ ಎದುರೇ ಇದ್ದೇವೆ. ಇಲ್ಲೊಂದು ಭೇಳ್ ಗಾಡಿ ಉಂಟು."

"ನಮ್ಮ ಹತ್ರಾನೂ ಭೇಳ್ ಗಾಡಿ ಅದ! ಕೈ ಎತ್ತ್ರಿ!"

"ಎತ್ತಿದ್ದೇನೆ. ನೀವೂ ಎತ್ತಿ!"

ನಾನೂ ಎತ್ತಿದೆ. ನಮ್ಮ ಹಿಂದಿನ ಸಾಲಿನವರು "ಖಾಲೀ ಬಸಾ!", ಕೆಳಗೆ ಕೂತುಕೊಳ್ಳಿ, ಎಂದು ಕೂಗಿದರು. ಇಬ್ಬರು ಪ್ರೌಢ ಗೃಹಸ್ಥರು ಕೈ ಎತ್ತಿಕೊಂಡು ಒಬ್ಬರನ್ನೊಬ್ಬರು ಹುಡುಕಿದೆವು. ಕಡೆಗೆ ರಾಯರು ಹೇಳಿದರು.

"ನೋಡಿ, ಸರಿಯಾಗಿ ಹೇಳ್ತೇನೆ. ನಮ್ಮ ಬೆನ್ನಿಗೆ ಹಿತ್ತಾಳೆ ಪಾತ್ರೆ ಅಂಗಡಿ."

"ಅರಮನ್ಯಾಗ ಪಾತ್ರಿ ಅಂಗಡಿ ಎಲ್ಲಿಂದ ಬಂತ್ರಿ?"

"ಅರಮನೆಯಾ? ಎಂತ ಅರಮನೆ?"

ನನ್ನ ಎತ್ತಿದ ಕೈ ತಾನಾಗಿ ಇಳಿಯಿತು. ರವಿವಾರ ಕಾರಂಜಾ! ನಾಸಿಕದ ನಟ್ಟನಡುವೆ ಒಂದು ಕಾರಂಜಿಯೂ ಇರುವ ಚೌಕಿನ ಹೆಸರು ಅದು. ಸೋಮವಾರವೂ ಅದರ ಹೆಸರು ರವಿವಾರ ಕಾರಂಜಾ, ಶನಿವಾರವೂ ರವಿವಾರ ಕಾರಂಜಾ. ಅಲ್ಲಿ ನಾನು ಕೊತ್ತಂಬರಿಯಿಂದ ಕುಕ್ಕರಿನ ರಬ್ಬರಿನವರೆಗೆ ಎಲ್ಲವನ್ನೂ ಕೊಂಡಿದ್ದೇನೆ. ರಾಯರು ಹೋಟೆಲಿನ ಪಾತ್ರೆಗಾಗಿ ಬರುವುದೂ ಅಲ್ಲಿಗೇ. ನಮಗೆ ಧಾರವಾಡದವರಿಗೆ ವಾರದ ಹೆಸರು ರವಿವಾರ, ಅವರಿಗೆ ಆದಿತ್ಯವಾರ. ಹಾಗಾಗಿ ನಾನು ಹೇಳಿದ ವಾರ ಅವರ ಕಿವಿಯಲ್ಲಿ ಚೌಕಾಯಿತು. ಯಾವ ವಾರ ಎಂದು ಆ ಪುಣ್ಯಾತ್ಮ ಬೇರೆ ಕೇಳಿ ಖಚಿತಪಡಿಸಿಕೊಂಡಿದ್ದರು! ಹೆಣ್ಣು ನೋಡಲು ಹೆಣ್ಣಿನ ಊರಿಗೇ ಹೋಗುವುದು ಪದ್ಧತಿಯೂ ಹೌದಲ್ಲ. ಬಹುಶಃ ಯೇವಲಾದ ಹತ್ತಿರ ನಮ್ಮ ಗಾಡಿ ಅವರ ಗಾಡಿಯನ್ನು ದಾಟಿ ಬಂದಿತ್ತು. ಹಾರ್ನ್ ಕೂಡ ಹೊಡೆದಿದ್ದೆವೋ ಏನೋ!

ಫೋನಿನಲ್ಲಿ ಹಿಂದಿನಿಂದ ಹೆಂಗಸೊಬ್ಬರ ದನಿ ಕೇಳಿತು: "ಎಂತ ಜನ ಇವರು? ನಮ್ಮನ್ನು ಪೇಟೆಯಲ್ಲಿ ನಿಲ್ಲಿಸಿ ತಮಾಷೆ ಮಾಡ್ತಾರಾ? ಗಾಡಿ ತಿರುಗಿಸಿ, ಮನೆಗೆ ಹೋಗುವ." ಅದು ಸುಹಾಸನ ತಾಯಿ ಜಲಜಮ್ಮ. ಯಾಕೆ ಹೀಗಾಯಿತು ಎಂದು ವಿವರಿಸುವುದರಲ್ಲಿ ಪ್ರವೀಣನಾದ ನನಗೆ ಅವತ್ತು ಒಂದು ಶಬ್ದವೂ ಹೊರಡಲಿಲ್ಲ. ಈ ಸಂಬಂಧವೂ ಹೋಯಿತು, ಇದನ್ನು ನಾನೇ ಕೈಯಾರೆ ಕಳೆದೆ ಎನಿಸಿತು.

ಮೇಘನಾ ನನ್ನ ಕೈಯಿಂದ ಫೋನು ಕಿತ್ತುಕೊಂಡಳು.

"ಆಂಟೀ, ಮೀ ಮೇಘನಾ ಮಾತಾಡಾಕತ್ತೀನಿ. ಸಾರೀ ಹಾಂ, ಅಪ್ಪಾಂದು ಘೋಟಾಳಾ ಆಗೇದ. ನೀವು ಗಾಡಿ ತಿರಗಸ್ರಿ, ಯೇವಲ್ಯಾ ತನಕ ಬರ್ರಿ. ನಾವೂ ಲಗೇಚ ನಿಘತೀವಿ. ಮಧ್ಯೆ ಭೇಟಿ ಆಗೋಣ, ಜೇವಣ ಅಲ್ಲೇ ಮಾಡೋಣ. ತುಮ್ಹೀ ಬಹಳ ಹೊತ್ತು ನಿಂತೀರಿ, ಮೊದಲು ಕೂತು ಚಹಾ ಕುಡೀರಿ. ಸಾವಕಾಶ ಬರ್ರಿ, ಘಾಯಿ ಬ್ಯಾಡ."

ಈಗಲೇ ಹೊರಡುತ್ತೇವೆ, ಊಟ ನಡುದಾರಿಯಲ್ಲಿ, ಅವಸರ ಬೇಡ ಎಂದು ಅದರ ಅರ್ಥ. ನಾನು ಕಣ್ಣು ಮುಚ್ಚಿಕೊಂಡೆ. ಯಾವ ಕನ್ನಡವನ್ನು ಮುಚ್ಚಲು ಇಷ್ಟೆಲ್ಲ ಕಾರಂಜಿ ಹಾರಿಸಿದ್ದೆನೋ, ಅದೇ ಕನ್ನಡ ಒಂದು ಹನಿಯೂ ಸೋರದಂತೆ ನೇರ ಜಲಜಮ್ಮನ ಕಿವಿಗೆ ಹೋಯಿತು! ಆ ಕಡೆಯಿಂದ, "ಆಯ್ತು ಮಗಾ, ಬರ್ತೇವೆ" ಎಂದಿತು ದನಿ.

ದಾರಿಯುದ್ದಕ್ಕೂ ಸುಮಿತ್ರಾ ಉಂಡಿಯ ಡಬ್ಬಿಯನ್ನು ಅಪ್ಪಿಕೊಂಡು ಕಿಟಕಿಯಾಚೆಯೇ ನೋಡುತ್ತಿದ್ದಳು. ಬೈದಿದ್ದರೆ ನೆಮ್ಮದಿಯಾಗುತ್ತಿತ್ತು. ಮೇಘನಾ ಮಾತ್ರ, "ಟೆನ್ಶನ್ ತಗೋಬ್ಯಾಡ್ರಿ ಅಪ್ಪಾ. ಅವರು ನಾಹೀ ಅಂದ್ರ ನಾಹೀ" ಎಂದಳು. ಹಾಗೆ ಹೇಳುತ್ತಲೇ ಮೊಬೈಲನ್ನು ಕನ್ನಡಿ ಮಾಡಿಕೊಂಡು ಕೂದಲು ಸರಿಪಡಿಸಿಕೊಳ್ಳುತ್ತಿದ್ದಳು. ಅದನ್ನು ನೋಡಿ ನನಗೆ ಇನ್ನೂ ಭಯವಾಯಿತು.

ಯೇವಲಾದ ಒಂದು ಢಾಬಾ. ಗುಲಾಬಿ ಬೆಳಕಿಲ್ಲ, ಮಿಣಮಿಣ ಎನ್ನುವ ಒಂದು ಟ್ಯೂಬ್‌ಲೈಟು. ರಾಯರು ಗಾಡಿಯಿಂದ ಇಳಿದರು. ಕೈಯಲ್ಲಿ ಇಷ್ಟು ದೊಡ್ಡ ಹಿತ್ತಾಳೆ ಪಾತೇಲಿ!

"ಕಾಯುವಾಗ ಸುಮ್ಮನೆ ಯಾಕೆ ನಿಲ್ಲುದು ಅಂತ ತಗೊಂಡೆ. ಒಳ್ಳೇದುಂಟು ಅಲ್ವಾ?" ಎಂದರು. ಅವರ ಮುಖದಲ್ಲಿ ಕೋಪವೇ ಇರಲಿಲ್ಲ. ಹಿಂದೆ ಇಳಿದ ಜಲಜಮ್ಮನ ಮುಖದಲ್ಲಿ ಇಬ್ಬರಿಗೂ ಸಾಲುವಷ್ಟಿತ್ತು.

ಮೇಘನಾ ಅಷ್ಟರಲ್ಲಿ ಎರಡು ಮೇಜು ಜೋಡಿಸಿದ್ದಳು. ಜಲಜಮ್ಮನಿಗೆ ನಮಸ್ಕಾರ ಮಾಡಿ, ಬಿಸಿನೀರು ತರಿಸಿಕೊಟ್ಟು, ಕಾಲು ಚಾಚಲು ಇನ್ನೊಂದು ಕುರ್ಚಿ ಎಳೆದಳು. ಅಡುಗೆಯವನ ಹತ್ತಿರ ಮರಾಠಿಯಲ್ಲಿ ಖಾರದ ವಿಷಯಕ್ಕೆ ಜಗಳ ಮಾಡಿ ಬಂದಳು. ಇಬ್ಬರು ಚಾಲಕರ ಊಟಕ್ಕೆ ಹೇಳಿದಳು. "ಅಪ್ಪಾ, ನೀವು ಇಲ್ಲೇ ಬಸಾ, ಏಳಬ್ಯಾಡ್ರಿ" ಎಂದು ನನ್ನನ್ನು ಮೂಲೆಗೆ ಕೂಡಿಸಿದಳು. ಆಮೇಲೆ ಸುಹಾಸನ ಕಡೆ ತಿರುಗಿ, "ತುಮ್ಹಾಲಾ ತಿಖಟ ನಡೀತದೇನು?" ಎಂದಳು.

ನಾನು ತಲೆ ತಗ್ಗಿಸಿದೆ. ಸುಹಾಸ ಬಾಯಿ ತೆರೆದ.

"ಮಲಾ ಚಾಲತೇ. ಅಮ್ಮನಿಗೆ ತಿಖಟ ಆಗುದಿಲ್ಲ, ತಿಲಾ ಸಾಧಂ ವರಣ್ ಸಾಕು."

ಖಾರ ತನಗೆ ನಡೆಯುತ್ತದೆ, ಅಮ್ಮನಿಗೆ ಬರೀ ತೊವ್ವೆ ಸಾಕು ಎಂದು! ಮೇಘನಾ ಅವನನ್ನು ನೋಡಿದಳು. ಅವನೂ ನೋಡಿದ. ಇಬ್ಬರೂ ಒಟ್ಟಿಗೆ ನಕ್ಕರು. ನನಗೆ ಎಷ್ಟು ಸಂತೋಷವಾಯಿತೆಂದರೆ, ಏಳಬಾರದು ಎಂಬ ಆಜ್ಞೆಯನ್ನು ಮರೆತು ಎದ್ದು, ತಲೆಯ ಮೇಲಿನ ಟ್ಯೂಬ್‌ಲೈಟಿಗೆ ಡಿಕ್ಕಿ ಹೊಡೆದು, ಮತ್ತೆ ಕೂತೆ.

ಊಟವಾಯಿತು. ನನಗೆ ತಡೆಯಲಾಗಲಿಲ್ಲ. ಜಲಜಮ್ಮನಿಗೆ ಕೈ ಮುಗಿದು ಹೇಳಿದೆ: "ಅಕ್ಕಾರ, ತಪ್ಪೆಲ್ಲಾ ನಂದರಿ. ಹುಡುಗಿದೇನೂ ಇಲ್ಲ. ಆಕಿ ಕನ್ನಡಾನೂ ಸ್ವಲ್ಪ ಹಿಂಗ ಅದ..."

ಜಲಜಮ್ಮ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಮೊದಲ ಸಲ ನಕ್ಕರು.

"ಕನ್ನಡ ಬಿಡಿ, ನಮ್ಮ ಮಗನದ್ದೂ ಅಷ್ಟೇ. ನಮಗೆ ಬೇಕಾದ್ದು ಹೋಟೆಲಿನ ಗದ್ದಲ ಸಂಭಾಳಿಸುವ ಹುಡುಗಿ. ಇಷ್ಟು ವರ್ಷ ನಿಮ್ಮನ್ನು ಸಂಭಾಳಿಸಿದವಳಿಗೆ ನಮ್ಮ ಹೋಟೆಲ್ ಯಾವ ಲೆಕ್ಕ ಮಾರಾಯ್ರೇ!"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಸುಮಿತ್ರಾ. ಮಗಳ ಬಯೋಡೇಟಾದಲ್ಲಿ ಓದು, ನೌಕರಿ, ಅಡುಗೆ ಎಲ್ಲ ಬರೆಸಿದ್ದೆ. ಅವಳ ಅತಿ ದೊಡ್ಡ ಅನುಭವ ನಾನೇ ಎಂಬುದನ್ನು ಬರೆಸಲು ಮರೆತಿದ್ದೆ!

ಈಗ ನಿಶ್ಚಿತಾರ್ಥದ ತಯಾರಿ ಭರದಿಂದ ನಡೆದಿದೆ. ಜಾಗ, ದಿನ, ಹೊತ್ತು ಎಲ್ಲವನ್ನೂ ಮೇಘನಾ ಮತ್ತು ಜಲಜಮ್ಮ ಫೋನಿನಲ್ಲೇ ಗೊತ್ತುಮಾಡಿದ್ದಾರೆ. ಗಾಡಿ ಹೊರಡುವ ಹೊತ್ತಿಗೆ ನನಗೂ ತಿಳಿಸುತ್ತಾರಂತೆ.